ಪಾತಾಳಗರಡಿಯೇ ಬಾವಿಗೆ ಬಿದ್ದರೆ?

ಪಾತಾಳಗರಡಿಯನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಕಂಡಿರುವರೋ ನಾವರಿಯೆವು. ಮನೆಮನೆಗೆ ನಲ್ಲಿ ಬರುವುದಕ್ಕೆ ಮುಂಚೆ, ಹಗ್ಗ ಹರಿದು ಕೊಡವು ಬಾವಿಯ ತಳವನ್ನು ಸೇರಿದಾಗ, ಕಬ್ಬಿಣದ ಕೊಕ್ಕೆಗಳ ಈ ಗೊಂಚಲನ್ನು ನೆರೆಮನೆಯಿಂದ ತಂದು ಇಳಿಬಿಟ್ಟು ಕೊಡವನ್ನು ಮೇಲೆತ್ತುತ್ತಿದ್ದರು. ಬುದ್ಧಿಯುಳ್ಳವರಾರೂ ಅದನ್ನು ಹರಿದ ಹಗ್ಗದ ಉಳಿದ ತುಂಡಿಗೇ ಕಟ್ಟುತ್ತಿರಲಿಲ್ಲ. ಎತ್ತುವ ಸಾಧನವು ಬಿದ್ದ ವಸ್ತುವಿನ ಗತಿಯನ್ನೇ ಕಾಣಬಾರದಷ್ಟೆ!

ಗಣಕಯಂತ್ರದ ಲೋಕದಲ್ಲಿಯೂ ಇಂತಹ ಸಾಧನವೊಂದುಂಟು. ಲಿನಕ್ಸ್ ಬಳಸುವವರು ಅದನ್ನು ಪ್ಯಾಕೇಜ್ ಮ್ಯಾನೇಜರ್ ಎನ್ನುತ್ತಾರೆ. ಅದೊಂದು ಬಗೆಯ ಉಗ್ರಾಣಿ. ಯಾವ ತಂತ್ರಾಂಶ ಬೇಕೆಂದರೂ ಅದನ್ನು ಉಗ್ರಾಣದಿಂದ ತರುವುದು, ಅದಕ್ಕೆ ಆಧಾರವಾಗಿ ಬೇಕಾದ ಇತರ ತಂತ್ರಾಂಶಗಳನ್ನೂ ಜೊತೆಗೂಡಿಸುವುದು, ಹಳೆಯದನ್ನು ತೆಗೆದು ಹೊಸದನ್ನಿಡುವುದು, ಎಲ್ಲಕ್ಕೂ ಲೆಕ್ಕ ಬರೆದಿಡುವುದು, ಇವೆಲ್ಲವೂ ಅದರ ಕೆಲಸ. ಉಳಿದವು ಕೆಟ್ಟರೆ ಸರಿಪಡಿಸುವುದೂ ಅದೇ. ಆದರೆ ಅದೇ ಕೆಟ್ಟರೆ?

ಬ್ಯಾಡಗಿಯ ವಿದ್ಯಾರ್ಥಿಯೊಬ್ಬನು ಹಾವೇರಿಯಲ್ಲಿರುವ ನಮ್ಮ ಬಳಿಗೆ ತನ್ನ ಲ್ಯಾಪ್‌ಟಾಪನ್ನು ತಂದುದು ಈ ಸ್ಥಿತಿಯಲ್ಲಿಯೇ. ಅದರಲ್ಲಿ ಉಬುಂಟು ಎಂಬ ಲಿನಕ್ಸ್ ಇದ್ದಿತು. ತಂತ್ರಾಂಶಗಳ ಪಟ್ಟಿಯನ್ನು ಹೊಸದಾಗಿಸಲು ಹೋದರೆ ಪ್ರತಿಸಲವೂ ದೋಷದ ಹತ್ತಾರು ಸಾಲುಗಳು ಮೂಡಿ ಕೆಲಸ ನಿಲ್ಲುತ್ತಿತ್ತು. ಟರ್ಮಿನಲ್ ಎಂಬ ಕಿಟಕಿಯೂ ತೆರೆಯುತ್ತಿರಲಿಲ್ಲ. ರಾಣೇಬೆನ್ನೂರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಬೇಕೆಂದು ಹೇಳಿದರಂತೆ. ಅವನ ಕೊನೆಯ ವರ್ಷದ ಪ್ರಾಜೆಕ್ಟ್ ಅದರಲ್ಲಿಯೇ ಇದ್ದಿತು; ಬೇರೆಡೆ ಪ್ರತಿ ಇರಲಿಲ್ಲ.

ಕಂಟ್ರೋಲ್, ಆಲ್ಟ್, ಎಫ್ 3 ಕೀಲಿಗಳನ್ನು ಒಟ್ಟಿಗೆ ಒತ್ತಿ, ಚಿತ್ರಗಳಿಲ್ಲದ ಅಕ್ಷರದ ಪರದೆಗೆ ಹೋಗಿ ನಾವು ದೋಷದ ಸಾಲುಗಳನ್ನು ಓದಿದೆವು. ಪೈಥಾನ್ ಭಾಷೆಯ ದೋಷವರದಿಯಲ್ಲಿ ಮುಖ್ಯವಾದ ಮಾತು ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಇಲ್ಲಿ, ‘ಆಪ್ಟ್ ಪಿಕೆಜಿ’ ಎಂಬ ಘಟಕವು ದೊರೆಯಲಿಲ್ಲವೆಂದು ಬರೆದಿತ್ತು. ಇತ್ತೀಚೆಗೆ ಏನನ್ನಾದರೂ ಬದಲಿಸಿದೆಯಾ ಎಂದು ಹುಡುಗನನ್ನು ಕೇಳಿದೆವು. ಪ್ರಾಜೆಕ್ಟಿಗಾಗಿ ಪೈಥಾನಿನ ಹೊಸ ಆವೃತ್ತಿಯನ್ನು ಹಾಕಿ, ‘ಪೈಥಾನ್ 3’ ಎಂಬ ಹೆಸರಿನ ಕೊಂಡಿಯನ್ನು ಅದರ ಕಡೆಗೆ ತಿರುಗಿಸಿದ್ದಾಗಿ ಒಪ್ಪಿಕೊಂಡನು.

ಕಾರಣ ಅಲ್ಲಿಯೇ ಇದ್ದಿತು. ಉಬುಂಟುವಿನ ಉಗ್ರಾಣಿಯಾದ ಆಪ್ಟ್ ಸಿ++ ಭಾಷೆಯಲ್ಲಿ ರಚಿತವಾದುದು. ಆದರೆ ಅದರ ಸುತ್ತ ದುಡಿಯುವ ಹಲವು ಸಹಾಯಕ ಪ್ರೋಗ್ರಾಮುಗಳು ಪೈಥಾನಿನವು. ಟರ್ಮಿನಲ್ ಕಿಟಕಿಯನ್ನು ತೆರೆಯುವುದೂ ಅಂತಹುದೊಂದು. ಇವುಗಳಿಗೆ ಬೇಕಾದ ಘಟಕಗಳನ್ನು ವ್ಯವಸ್ಥೆಯೊಡನೆ ಬಂದ ಪೈಥಾನಿಗೆ ಹೊಂದುವಂತೆ ಸಿದ್ಧಪಡಿಸಿರುತ್ತಾರೆ. ಬೇರೆ ಆವೃತ್ತಿಗೆ ಅವು ಕಾಣಿಸವು. ಕೊಂಡಿಯನ್ನು ಮೊದಲಿನ ಪೈಥಾನಿಗೆ ತಿರುಗಿಸಿದೆವು. ಒಂದೇ ಆಜ್ಞೆ, ಎಲ್ಲವೂ ಸರಿಹೋಯಿತು. ಹೊಸ ಪೈಥಾನೂ ತನ್ನ ಪೂರ್ಣ ಹೆಸರಿನಿಂದ ಕರೆದಾಗ ಅವನ ಪ್ರಾಜೆಕ್ಟಿಗೆ ಒದಗಿತು.

ಇದು ಒಬ್ಬ ಹುಡುಗನ ತಪ್ಪು ಮಾತ್ರವಲ್ಲ. ಫೆಡೋರಾ ಎಂಬ ಲಿನಕ್ಸಿನಲ್ಲಿ ಮೊದಲಿದ್ದ ಯಮ್ ಎಂಬ ಉಗ್ರಾಣಿಯೂ, 2015ರಲ್ಲಿ ಅದರ ಸ್ಥಾನಕ್ಕೆ ಬಂದ ಡಿಎನ್‌ಎಫ್ ಕೂಡ ಪೈಥಾನಿನಲ್ಲಿ ರಚಿತವಾದವು. ಪೈಥಾನ್ ಕದಲಿದರೆ ಅವೂ ಕುಸಿಯುವ ಅಪಾಯವಿದ್ದಿತು. 2024ರ ಅಕ್ಟೋಬರಿನಲ್ಲಿ ಬಂದ ಫೆಡೋರಾ 41ರಲ್ಲಿ ಸಿ++ ಭಾಷೆಯ ಹೊಸ ಡಿಎನ್‌ಎಫ್ 5 ಆ ಕೆಲಸವನ್ನು ವಹಿಸಿಕೊಂಡಿತು. ದುರಸ್ತಿಯ ಸಾಧನವು ಆದಷ್ಟು ಕಡಿಮೆ ವಸ್ತುಗಳನ್ನು ಆಶ್ರಯಿಸಿರಬೇಕು. ಪಾತಾಳಗರಡಿಗೆ ಬೇರೆ ಹಗ್ಗವಿರಬೇಕು.

ಎಲ್ಲವನ್ನೂ ಅಳಿಸಿ ತುಂಬಿದರೆ ಅರ್ಧ ಗಂಟೆಯಲ್ಲಿ ಮುಗಿಯುವುದಕ್ಕೆ ಇಷ್ಟೊಂದು ಪರಿಶ್ರಮವೇಕೆ ಎಂದು ಕೆಲವರು ಕೇಳುವರು. ಪ್ರತಿ ಇಟ್ಟುಕೊಂಡವರಿಗೆ ಆ ಮಾತು ಒಮ್ಮೊಮ್ಮೆ ಸರಿಯೇ. ಬಹಳ ಹದಗೆಟ್ಟ ವ್ಯವಸ್ಥೆಗೆ ಅದೇ ದಾರಿಯಾಗಬಹುದು. ಆದರೆ ಕಾರಣವನ್ನರಿಯದೆ ಅಳಿಸಿದವನು ಅದೇ ತಪ್ಪನ್ನು ಮುಂದಿನ ತಿಂಗಳು ಮತ್ತೆ ಮಾಡುವನು. ರೋಗವನ್ನು ಗುರುತಿಸದೆ ರೋಗಿಯನ್ನೇ ಬದಲಾಯಿಸುವುದು ವೈದ್ಯವೆನಿಸದು.

ಲಿನಕ್ಸ್ ನಮ್ಮೂರುಗಳಿಗೆ ದೂರದ ಮಾತೆಂದೂ ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಕಿಸೆಯ ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವುದು ಲಿನಕ್ಸಿನ ತಿರುಳು. 2017ರ ನವೆಂಬರಿನಿಂದ, ಜಗತ್ತಿನ ಅತಿವೇಗದ 500 ಗಣಕಗಳ ಪಟ್ಟಿಯಲ್ಲಿರುವುವೆಲ್ಲವೂ ಲಿನಕ್ಸಿನಲ್ಲಿಯೇ ನಡೆಯುತ್ತವೆ. ಕಾಸರಗೋಡಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳೂ ಗಣಕವನ್ನು ಲಿನಕ್ಸಿನಲ್ಲಿಯೇ ಕಲಿಯುತ್ತಾರೆ. ಇತ್ತ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಟೆಂಡರ್ ಗಣಕದ ಮೂಲಕ ನಡೆಯುತ್ತದೆ. ನಾಳೆ ಇಂತಹ ಯಂತ್ರಗಳನ್ನು ನೋಡಿಕೊಳ್ಳಬೇಕಾದವರು ಇಂದಿನ ನಮ್ಮ ವಿದ್ಯಾರ್ಥಿಗಳೇ. ಯಂತ್ರ ನಿಂತಾಗಲೆಲ್ಲ ಹಾವೇರಿಯವರು ಹುಬ್ಬಳ್ಳಿಯ ಕಡೆಗೂ ರಾಣೇಬೆನ್ನೂರಿನವರು ದಾವಣಗೆರೆಯ ಕಡೆಗೂ ಮುಖಮಾಡಬೇಕೆ?

ಆದುದರಿಂದ ನಮ್ಮ ಕಾಲೇಜುಗಳಿಗೆ ನಾವು ಸೂಚಿಸುವುದು ಮೂರು ಮಾತು. ಒಂದು, ಪ್ರತಿಯೊಂದು ಪ್ರಯೋಗಾಲಯದಲ್ಲಿಯೂ ಲಿನಕ್ಸನ್ನು ನೇರವಾಗಿ ಆರಂಭಿಸಬಲ್ಲ ಪೆನ್‌ಡ್ರೈವ್ ಒಂದಿರಲಿ. ಒಳಗಿನ ವ್ಯವಸ್ಥೆ ಪೂರ್ತಿ ಕುಸಿದರೂ ಹೊರಗಿನಿಂದ ಒಳಹೊಕ್ಕು ಕಡತಗಳನ್ನು ಉಳಿಸಲು ಅದು ನೆರವಾಗುವುದು. ಎರಡು, ದಿನಚರಿ ಓದುವುದನ್ನು ಕಲಿಸಲಿ. ಯಾವ ದಿನ ಏನನ್ನು ಹಾಕಲಾಯಿತು, ಏನನ್ನು ತೆಗೆಯಲಾಯಿತು ಎಂಬುದನ್ನು ಆಪ್ಟ್ ತಾನೇ ಬರೆದಿಡುತ್ತದೆ. ನಡುವೆ ವಿದ್ಯುತ್ ಹೋಗಿ ಕೆಲಸವು ಅರ್ಧಕ್ಕೆ ನಿಂತರೂ, ಯಾವುದು ಎಲ್ಲಿಗೆ ನಿಂತಿತೆಂಬ ಲೆಕ್ಕ ಅದರಲ್ಲಿರುವುದರಿಂದ ಅನೇಕ ವೇಳೆ ಒಂದೇ ಆಜ್ಞೆಯಿಂದ ಮುಂದುವರಿಸಬಹುದು. ಮೂರು, ವರ್ಷಕ್ಕೊಂದು ದಿನವಾದರೂ ಅಧ್ಯಾಪಕರೇ ಒಂದು ಹಳೆಯ ಯಂತ್ರವನ್ನು ಬೇಕೆಂದೇ ಕೆಡಿಸಿ, ಅಳಿಸದೆ ಸರಿಪಡಿಸಿರೆಂದು ವಿದ್ಯಾರ್ಥಿಗಳ ಮುಂದಿಡಲಿ.

ಬ್ಯಾಡಗಿಯ ಹುಡುಗನು ಹೊರಡುವ ಮುನ್ನ ತನ್ನ ಪ್ರಾಜೆಕ್ಟಿನ ಪ್ರತಿಯೊಂದನ್ನು ತೆಗೆದಿಟ್ಟುಕೊಂಡನು. ದೋಷದ ಕೊನೆಯ ಸಾಲನ್ನೂ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡನು. ಅವನ ಗೆಳೆಯರಲ್ಲಿ ಯಾರಿಗಾದರೂ ಇದೇ ತೊಂದರೆ ಬಂದರೆ, ಅವರು ಇನ್ನು ಹಾವೇರಿಯವರೆಗೆ ಬರಬೇಕಾಗಿಲ್ಲ.