ನೋಟಿಸ್ ಅವಧಿ ಎರಡೂ ಕಡೆಗೆ ಸಮನಾಗಿರಲಿ



ಕೆಲಸ ಬಿಡುವವರು ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ನ್ಯಾಯವಾದದ್ದೇ. ಗಾಳಿಬೀಡು, ಮಡಿಕೇರಿ ಸುತ್ತಲಿನ ರೆಸಾರ್ಟ್‌ಗಳಲ್ಲಿ ಸಾಲು ರಜೆಯ ಹೊತ್ತಿಗೆ ಅಡುಗೆಯವರು ಏಕಾಏಕಿ ಹೊರಟರೆ, ಕಾಫಿ ಕೊಯ್ಲಿನ ನಡುವೆ ತೋಟದ ರೈಟರ್ ಲೆಕ್ಕ ಒಪ್ಪಿಸದೆ ಬಿಟ್ಟರೆ, ಹೊರೆಯೆಲ್ಲ ಉಳಿದವರ ಮೇಲೆ ಬೀಳುತ್ತದೆ. ಆದರೆ ಅದೇ ನಿಯಮದ ಹೆಸರಿನಲ್ಲಿ ಸಂಬಳ, ಅನುಭವ ಪತ್ರ, ಮೂಲ ಅಂಕಪಟ್ಟಿಗಳನ್ನು ತಡೆಹಿಡಿಯುವ ರೂಢಿ ಒಪ್ಪತಕ್ಕದ್ದಲ್ಲ.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯವಾಗುವ ಕಡೆ, ಆರು ತಿಂಗಳು ಸತತವಾಗಿ ದುಡಿದ ನೌಕರನನ್ನು ತೆಗೆಯಲು ಸಕಾರಣದ ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು. ನೌಕರ ತಾನಾಗಿ ಬಿಡುವಾಗ ಎಷ್ಟು ದಿನ ಎಂಬುದನ್ನು ಬಹುಪಾಲು ನೇಮಕಾತಿ ಪತ್ರವೇ ನಿರ್ಧರಿಸುತ್ತದೆ. ಕೆಲವು ಪತ್ರಗಳಲ್ಲಿ ಇದು ಮೂರು ತಿಂಗಳು. ಹೊಸ ಸಂಸ್ಥೆ ಅಷ್ಟು ಕಾಯುವುದು ಅಪರೂಪ. ಅವಧಿ ಮುಗಿಯುವ ಮುನ್ನವೇ ಕೆಲಸ ಬಿಡುವ ಒತ್ತಡ ಹುಟ್ಟುವುದು ಇಲ್ಲಿಂದ.

ಹಾಗೆ ಬಿಟ್ಟವರನ್ನು ಬಲವಂತವಾಗಿ ದುಡಿಸಲು ಆಗದು. ವೈಯಕ್ತಿಕ ಸೇವೆಯ ಕರಾರನ್ನು ನ್ಯಾಯಾಲಯಗಳು ಬಲವಂತದಿಂದ ಜಾರಿ ಮಾಡಿಸುವುದಿಲ್ಲ. ಉಳಿಯುವುದು ಹಣದ ಲೆಕ್ಕ. ತಿಂಗಳಿಗೆ 18,000 ರೂಪಾಯಿ ಸಂಬಳದವರು 30 ದಿನಗಳ ನೋಟಿಸ್‌ನಲ್ಲಿ 12 ದಿನ ಮಾತ್ರ ದುಡಿದರೆ, ಉಳಿದ 18 ದಿನಗಳ ಬಾಬ್ತು 10,800 ರೂಪಾಯಿ. ಕರಾರಿನಲ್ಲಿ ಮೊತ್ತ ನಮೂದಾಗಿದ್ದರೂ, 1872ರ ಕರಾರು ಕಾಯ್ದೆಯಂತೆ ಅದರ ಮಿತಿಯೊಳಗೆ ಸಮಂಜಸವಾದ ಪರಿಹಾರವಷ್ಟೇ ಸಲ್ಲುತ್ತದೆ.

ವಿಜಯ ಬ್ಯಾಂಕ್ ಪ್ರಕರಣ ಇದಕ್ಕೆ ಹತ್ತಿರದ್ದು. ಮೂರು ವರ್ಷ ದುಡಿಯಬೇಕು, ಇಲ್ಲವೇ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತಿಗೆ ಒಪ್ಪಿ ಸೇರಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪಿತ್ತಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟು ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕ್ ಮತ್ತೆ ನೇಮಕಾತಿ ನಡೆಸುವ ಖರ್ಚನ್ನು ಅದು ಪರಿಗಣಿಸಿತು. ಷರತ್ತು ಬೇರೆಡೆ ದುಡಿಯುವುದನ್ನು ತಡೆಯುವುದಿಲ್ಲ ಎಂದೂ ಹೇಳಿತು. ಅಂದರೆ ಹಣ ಕೇಳಬಹುದು, ಮುಂದಿನ ದಾರಿ ಮುಚ್ಚುವಂತಿಲ್ಲ.

ಅನುಭವ ಪತ್ರ ತಡೆದರೆ ಆ ದಾರಿಯೇ ಮುಚ್ಚುತ್ತದೆ. ಸಂಬಳದ ವಿಷಯಕ್ಕೆ ಬಂದರೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಪಾವತಿಯಾಗಬೇಕು. ಸಣ್ಣ ಊರುಗಳ ನೌಕರರಿಗೆ ಈ ಮಾಹಿತಿ ತಲುಪಬೇಕಾಗಿದೆ.

ನೋಟಿಸ್ ಅವಧಿ ಎರಡೂ ಕಡೆಗೆ ಒಂದೇ ಆಗಿರಬೇಕು, ಒಂದು ತಿಂಗಳು ಮೀರಬಾರದು. ಬಾಕಿ ದಿನಗಳ ಹಣ ಕಟ್ಟಿದವರಿಗೆ ಅನುಭವ ಪತ್ರ ಕೂಡಲೇ ಸಿಗಬೇಕು, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು ನಿಲ್ಲಬೇಕು. ಕಾರ್ಮಿಕ ಇಲಾಖೆ ಇವನ್ನು ನಿಯಮವಾಗಿ ತರಲಿ. ನೌಕರರೂ ನೇಮಕಾತಿ ಪತ್ರವನ್ನು ಓದಿಯೇ ಸಹಿ ಹಾಕಲಿ, ರಾಜೀನಾಮೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಲಿ.

– ಓದುಗರು, ಗಾಳಿಬೀಡು, ಮಡಿಕೇರಿ ತಾಲ್ಲೂಕು