ಎರಡು ವರ್ಷದ ಬೆಲೆ

ಮಧುಮೇಹವೆಂದರೆ ಉಳ್ಳವರಿಗೆ ನಡುವಯಸ್ಸು ಕಳೆದ ಮೇಲೆ ಬರುವ ವ್ಯಾಧಿಯೆಂದೇ ನಮ್ಮಲ್ಲಿ ಬಹುಮಂದಿಯ ನಂಬಿಕೆ. ಎಳೆಯ ಮಕ್ಕಳನ್ನು ಹಿಡಿಯುವ ಇನ್ನೊಂದು ಬಗೆಯೂ ಉಂಟು. ಶರೀರವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಉತ್ಪಾದಿಸುವ ಜೀವಕಣಗಳನ್ನು ನಾಶಮಾಡುವುದು ಇದಕ್ಕೆ ಕಾರಣ. ಮಗುವು ಸಿಹಿ ತಿಂದುದಲ್ಲ, ತಾಯಿಯ ಅಲಕ್ಷ್ಯವೂ ಅಲ್ಲ. 1922ರಲ್ಲಿ ಟೊರಾಂಟೋ ನಗರದ 14 ವರ್ಷದ ಬಾಲಕನಿಗೆ ಇನ್ಸುಲಿನ್ ಚುಚ್ಚಿದಂದಿನಿಂದ ಇಂತಹ ಮಕ್ಕಳು ಬದುಕುವಂತಾಯಿತು. ರೋಗವನ್ನೇ ತಡೆಯುವ ಉಪಾಯ ಮಾತ್ರ ದೊರೆಯಲಿಲ್ಲ.

ರೋಗಿಗಳ ಬಂಧುಗಳಿಗೆ ಮುಂಚಿತವಾಗಿಯೇ ಇನ್ಸುಲಿನ್ ಕೊಟ್ಟು ಅಮೆರಿಕದ ವೈದ್ಯರು ಪರೀಕ್ಷಿಸಿದರು; 2002ರಲ್ಲಿ ಪ್ರಕಟವಾದ ಫಲ ಶೂನ್ಯ. ನಿಕೋಟಿನಮೈಡ್ ಎಂಬ ಜೀವಸತ್ವದ ಪ್ರಯೋಗವೂ 2004ರಲ್ಲಿ ಹಾಗೆಯೇ ಮುಗಿಯಿತು. ಕಡೆಗೆ 2019ರಲ್ಲಿ ಟೆಪ್ಲಿಜುಮ್ಯಾಬ್ ಎಂಬ ಔಷಧವು ಆಶೆಯನ್ನು ತೋರಿಸಿತು. ರಕ್ತದಲ್ಲಿ ರೋಗದ ಮುನ್ಸೂಚನೆ ಕಂಡಿದ್ದ 76 ಮಂದಿ ಬಂಧುಗಳಲ್ಲಿ 44 ಮಂದಿಗೆ 14 ದಿನ ಇದನ್ನು ಕೊಡಲಾಯಿತು. ಔಷಧವಿಲ್ಲದವರಲ್ಲಿ ಅರ್ಧದಷ್ಟು ಮಂದಿ ಎರಡು ವರ್ಷಗಳಲ್ಲಿ ರೋಗಿಗಳಾದರೆ, ಔಷಧ ಪಡೆದವರಲ್ಲಿ ಅಷ್ಟಾಗಲು ನಾಲ್ಕು ವರ್ಷ ಹಿಡಿಯಿತು. 2022ರ ನವೆಂಬರಿನಲ್ಲಿ ಅಮೆರಿಕಾ ಸರ್ಕಾರ 8 ವರ್ಷ ತುಂಬಿದವರಿಗೆ ಇದನ್ನು ಕೊಡಲು ಅನುಮತಿಸಿತು.

ಎರಡು ವರ್ಷ ಮುಂದೂಡಿದ ಮಾತ್ರಕ್ಕೆ ಈ ಸಂಭ್ರಮವೇಕೆಂದು ಮೂಗು ಮುರಿಯುವವರಿದ್ದಾರೆ. ಅವರು ದಿನಕ್ಕೆ ನಾಲ್ಕು ಬಾರಿ ಮಗುವಿಗೆ ಸೂಜಿ ಚುಚ್ಚಿ, ನಡುರಾತ್ರಿಯಲ್ಲೆದ್ದು ಅದರ ರಕ್ತವನ್ನು ಪರೀಕ್ಷಿಸುವ ತಾಯಿಯನ್ನು ಕೇಳಲಿ. ಎಂಟರಲ್ಲಿ ಬರಬೇಕಾದುದು ಹತ್ತರಲ್ಲಿ ಬಂದರೆ ಅದು ಅಲ್ಪಲಾಭವೆಂದು ಅವಳು ಹೇಳಲಾರಳು.

ನಮ್ಮ ಆಕ್ಷೇಪಣೆಯಿರುವುದು ಬೆಲೆಯ ವಿಷಯದಲ್ಲಿ. ಮಾರುಕಟ್ಟೆಗೆ ಬಂದಾಗ 14 ದಿನದ ಔಷಧಕ್ಕೆ 1,93,900 ಡಾಲರು, ಅಂದರೆ ಒಂದೂವರೆ ಕೋಟಿ ರೂಪಾಯಿಗೂ ಮಿಕ್ಕ ಬೆಲೆಯಿತ್ತು. ಇನ್ಸುಲಿನ್ ಕಂಡುಹಿಡಿದ ಮಹನೀಯರಾದರೋ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೋ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ್ದರು! ಇನ್ಸುಲಿನ್ನನ್ನೂ ಇದೇ ಜಾತಿಯ ಪ್ರತಿಕಾಯ ಔಷಧಗಳನ್ನೂ ಬೆಂಗಳೂರಿನಲ್ಲಿಯೇ ತಯಾರಿಸಬಲ್ಲ ನಮ್ಮವರು ಈ ಕಾರ್ಯಕ್ಕೂ ಕೈಹಾಕಬೇಕೆಂದು ನಾವು ಬಯಸಿದರೆ ಅತಿಯಾಸೆಯಾಗದು.

ಅದಕ್ಕೆ ಕಾಲ ಹಿಡಿಯಬಹುದು, ರಕ್ತಪರೀಕ್ಷೆಗೆ ಕಾಯಬೇಕಾದುದಿಲ್ಲ. ಜರ್ಮನಿಯ ಬವೇರಿಯಾದಲ್ಲಿ 2015ರಿಂದ ಎಳೆಯ ಮಕ್ಕಳನ್ನು ಪರೀಕ್ಷಿಸುವ ಕಾರ್ಯ ಆರಂಭವಾಯಿತು. ಇಟಲಿಯು 2023ರಲ್ಲಿ ಶಾಸನವನ್ನೇ ಮಾಡಿತು. ಔಷಧ ಸಿಗದಿದ್ದರೂ ಇದರಿಂದ ಪ್ರಾಣ ಉಳಿಯುತ್ತದೆ. ಅತಿಬಾಯಾರಿಕೆ, ಪದೇಪದೇ ಮೂತ್ರ, ಕೃಶತೆ ಇವುಗಳ ಅರ್ಥ ಮೊದಲೇ ತಿಳಿದ ತಂದೆತಾಯಿಗಳು ಮಗುವು ಪ್ರಜ್ಞೆ ತಪ್ಪುವವರೆಗೆ ಕಾಯುವುದಿಲ್ಲ. ಇಂತಹ ಮಕ್ಕಳು ಅತ್ಯಧಿಕವಾಗಿರುವ ದೇಶಗಳಲ್ಲಿ ಭಾರತವೂ ಒಂದು. ಆದುದರಿಂದ ಆರೋಗ್ಯ ಇಲಾಖೆಯವರು ಜಿಲ್ಲಾ ಆಸ್ಪತ್ರೆಗಳಲ್ಲಿ, ರೋಗ ತಗುಲಿದ ಪ್ರತಿಯೊಂದು ಮಗುವಿನ ಅಣ್ಣತಮ್ಮ, ಅಕ್ಕತಂಗಿಯರಿಗಾದರೂ ಈ ಪರೀಕ್ಷೆಯನ್ನು ಉಚಿತವಾಗಿ ಏರ್ಪಡಿಸಬೇಕು. ಬರುವ ಆಯವ್ಯಯದಲ್ಲಿ ಇದಕ್ಕೆ ಹಣ ತೆಗೆದಿರಿಸುವರೇ ಎಂದು ಮಂತ್ರಿಗಳನ್ನು ಕೇಳುತ್ತೇವೆ.