ಹೆಸರು ಬದಲಾದ ಮೇಲಿನ ಕಾಯುವಿಕೆ

ಹೆಸರು ಬದಲಾವಣೆಯ ಆದೇಶಕ್ಕೆ ಸಹಿ ಬೀಳಲು ಒಂದು ಗಳಿಗೆ ಸಾಕು. ಆ ಹೆಸರು ಎಲ್ಲ ಕಡತಗಳನ್ನೂ ಎಲ್ಲ ನಾಲಗೆಗಳನ್ನೂ ತಲುಪಲು ವರ್ಷಗಳೇ ಬೇಕಾಗುತ್ತವೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಕ್ಕೆ ಹೊಂದಿಕೊಂಡಾಗ ‘ಮ್ಯಾಂಗಲೋರ್’ ಅಧಿಕೃತವಾಗಿ ‘ಮಂಗಳೂರು’ ಆಯಿತು. ಆದರೂ ಅಂಗಡಿಗಳ ಫಲಕಗಳಲ್ಲಿ, ಸಂಸ್ಥೆಗಳ ಹೆಸರುಗಳಲ್ಲಿ ಹಳೆಯ ರೂಪ ಇಂದಿಗೂ ಉಳಿದಿದೆ. ಅದರಿಂದ ಯಾರಿಗೂ ಹೇಳಿಕೊಳ್ಳುವಂಥ ನಷ್ಟವಾಗಿಲ್ಲ. ಆದರೆ ಹೆಸರು ಬದಲಾಗುವುದು ಬ್ಯಾಂಕಿನ ಜಾಲತಾಣದ್ದಾದರೆ, ಈ ನಡುವಣ ಅವಧಿ ಠೇವಣಿದಾರರ ಹಣದ ಪ್ರಶ್ನೆಯಾಗುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ದೇಶದ ಬ್ಯಾಂಕುಗಳು ಆ ವರ್ಷದ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಡೊಮೈನ್ ಹೆಸರಿಗೆ ಬದಲಾಗಬೇಕೆಂದು ಸೂಚಿಸಿತ್ತು. ಈ ಹೆಸರುಗಳನ್ನು ನೋಂದಾಯಿಸುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ಇದೆ. ಬ್ಯಾಂಕಲ್ಲದವರಿಗೆ ಈ ಹೆಸರು ಸಿಗದಂತೆ ಮಾಡಿ ನಕಲಿ ಜಾಲತಾಣಗಳ ವಂಚನೆಯನ್ನು ತಡೆಯುವುದು ಇದರ ಉದ್ದೇಶ. 1906ರಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಈ ಊರಿನಲ್ಲಿ ಇದನ್ನು ಸ್ವಾಗತಿಸದವರು ವಿರಳ. ಕ್ರಮ ಸರಿಯಾದುದೇ. ಪ್ರಶ್ನೆ ಇರುವುದು ಹಳೆಯ ಹೆಸರಿನಿಂದ ಹೊಸದಕ್ಕೆ ದಾಟುವ ಬಗೆಯಲ್ಲಿ.

ಅಂತರ್ಜಾಲದಲ್ಲಿ ಪ್ರತಿಯೊಂದು ಹೆಸರಿನ ಹಿಂದೆಯೂ ಒಂದು ಸಂಖ್ಯೆಯಿದೆ. ಮೊದಲು ಈ ಹೆಸರು-ಸಂಖ್ಯೆಗಳ ಪಟ್ಟಿಯನ್ನು ಅಮೆರಿಕದ ಒಂದು ಸಂಸ್ಥೆ ಒಂದೇ ಕಡತದಲ್ಲಿ ಇಟ್ಟುಕೊಂಡಿತ್ತು. ಕಡತ ಬೆಳೆದು ನಿಭಾಯಿಸಲಾಗದಂತಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ತಜ್ಞರು ಆ ಕೆಲಸವನ್ನು ಅನೇಕ ಸರ್ವರ್‌ಗಳಿಗೆ ಹಂಚಿಕೊಡುವ ವ್ಯವಸ್ಥೆಯನ್ನು ರೂಪಿಸಿದರು. ಇದನ್ನು ನಮ್ಮ ಆಡಳಿತಕ್ಕೆ ಹೋಲಿಸಬಹುದು. ಮೂಲ ಕಡತ ಒಂದೆಡೆ ಇರುತ್ತದೆ. ತಾಲ್ಲೂಕು ಕಚೇರಿಗಳು ನಿತ್ಯದ ಬಳಕೆಗೆ ಅದರ ಪ್ರತಿ ಇಟ್ಟುಕೊಳ್ಳುತ್ತವೆ. ಅಂತರ್ಜಾಲದಲ್ಲಿ ಆ ಪ್ರತಿಯ ಮೇಲೆ ಅದರ ಆಯುಷ್ಯವನ್ನು ಸೆಕೆಂಡುಗಳಲ್ಲಿ ನಮೂದಿಸಿರುತ್ತಾರೆ: 3,600 ಎಂದರೆ ಒಂದು ಗಂಟೆ, 86,400 ಎಂದರೆ ಒಂದು ದಿನ. ‘ಡಾಟ್ ಕಾಮ್’ ಹೆಸರುಗಳ ಹೊಣೆ ಯಾವ ಸರ್ವರ್‌ನದು ಎಂದು ತಿಳಿಸುವ ದಾಖಲೆಗೆ 1,72,800 ಸೆಕೆಂಡು, ಅಂದರೆ ಎರಡು ದಿನ.

ಜಾಲತಾಣ ತೆರೆಯದೇ ಹೋದಾಗ ಗ್ರಾಹಕರಿಗೆ ಸಿಗುವ ‘48 ಗಂಟೆ ಕಾಯಿರಿ’ ಎಂಬ ಉತ್ತರದ ಮೂಲ ಇಂಥ ದಾಖಲೆಗಳಲ್ಲಿದೆ. ಬದಲಾವಣೆ ಇನ್ನೂ ‘ಹರಡುತ್ತಿದೆ’ ಎನ್ನುತ್ತಾರೆ. ವಾಸ್ತವವಾಗಿ ಹೊಸ ಮಾಹಿತಿಯನ್ನು ಯಾರೂ ಎಲ್ಲೆಡೆಗೆ ಕಳುಹಿಸುತ್ತಿರುವುದಿಲ್ಲ. ಹಳೆಯ ಪ್ರತಿಯ ಅವಧಿ ಮುಗಿದಾಗ ಆಯಾ ಸರ್ವರ್ ತಾನಾಗಿಯೇ ಮತ್ತೆ ಮೂಲವನ್ನು ವಿಚಾರಿಸುತ್ತದೆ. ಇನ್ನೂ ನೋಂದಣಿಯಾಗದ ಹೆಸರನ್ನು ಯಾರಾದರೂ ಮೊದಲೇ ಕೇಳಿದ್ದರೆ, ‘ಅಂಥ ಹೆಸರಿಲ್ಲ’ ಎಂಬ ಉತ್ತರವೂ ಕೆಲಕಾಲ ಉಳಿದುಬಿಡುತ್ತದೆ.

ಆದ್ದರಿಂದ ಈ ವಿಳಂಬ ಬಹುಮಟ್ಟಿಗೆ ಜಾಲತಾಣದ ಒಡೆಯರ ಕೈಯಲ್ಲಿಯೇ ಇದೆ. ಬದಲಾವಣೆಗೆ ಕೆಲವು ದಿನ ಮೊದಲೇ ತಮ್ಮ ದಾಖಲೆಯ ಆಯುಷ್ಯವನ್ನು ಐದು ನಿಮಿಷಕ್ಕೆ ಇಳಿಸಿ, ಹಳೆಯ ಸರ್ವರನ್ನು ಚಾಲನೆಯಲ್ಲಿಯೇ ಇಟ್ಟರೆ ಹೆಚ್ಚಿನ ಗ್ರಾಹಕರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪೂರ್ವಸಿದ್ಧತೆಯ ಖರ್ಚನ್ನು ಸಂಸ್ಥೆ ಉಳಿಸಿಕೊಂಡರೆ ಅದನ್ನು ಗ್ರಾಹಕ ತನ್ನ ಸಮಯ ಮತ್ತು ಆತಂಕದ ರೂಪದಲ್ಲಿ ತೆರುತ್ತಾನೆ. ಅರ್ಥಶಾಸ್ತ್ರದಲ್ಲಿ ನಾವು ಇದನ್ನು ಬಾಹ್ಯ ವೆಚ್ಚ ಎಂದು ಓದಿದ್ದೆವು.

ಯಂತ್ರದ ನೆನಪಿಗಾದರೂ ಗಡುವಿದೆ. ಮನುಷ್ಯನ ನೆನಪಿಗೆ ಅದಿಲ್ಲ. ಹಳೆಯ ವಿಳಾಸ ಪಾಸ್‌ಪುಸ್ತಕದ ಹೊದಿಕೆಯಲ್ಲಿದೆ, ಗಲ್ಫ್‌ನಲ್ಲಿರುವ ಮಗ ತಂದೆಗೆ ಬರೆದುಕೊಟ್ಟ ಚೀಟಿಯಲ್ಲಿದೆ. ‘ನಿಮ್ಮ ಬ್ಯಾಂಕಿನ ವಿಳಾಸ ಬದಲಾಗಿದೆ, ಇಲ್ಲಿ ಒತ್ತಿ’ ಎಂಬ ಸಂದೇಶ ನಂಬಿಕೆ ಹುಟ್ಟಿಸುವುದು ಇಂಥ ಸಮಯದಲ್ಲಿಯೇ, ಏಕೆಂದರೆ ವಿಳಾಸ ಬದಲಾಗಿರುವುದು ನಿಜ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಳೆಯ ‘ಡಾಟ್ ಕಾಮ್’ ಹೆಸರನ್ನು ಬ್ಯಾಂಕು ನವೀಕರಿಸದೆ ಬಿಟ್ಟರೆ, ನಿಗದಿತ ಅವಧಿಯ ಬಳಿಕ ಅದನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು. ವಂಚಕನಿಗೆ ಇದಕ್ಕಿಂತ ಒಳ್ಳೆಯ ಮುಖವಾಡ ಬೇಕಿಲ್ಲ.

ನಮ್ಮೂರಿಗೆ ಈ ವಿಷಯದಲ್ಲಿ ಅನುಭವವಿದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದರೂ ಅದರ ಐಎಫ್‌ಎಸ್‌ಸಿ ಸಂಕೇತಗಳು 2021ರ ಫೆಬ್ರುವರಿ ಕೊನೆಯವರೆಗೆ ಚಾಲ್ತಿಯಲ್ಲಿದ್ದವು. ಮಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದಾಗಲೂ ಒಂದು ವರ್ಷದ ಅವಕಾಶವಿತ್ತು. ಪಿಂಚಣಿ, ವಿಮೆ, ಸಾಲದ ಕಂತುಗಳೆಲ್ಲ ಹಳೆಯ ಸಂಕೇತವನ್ನೇ ಅವಲಂಬಿಸಿದ್ದಾಗ ಆ ಅವಧಿ ಅನಿವಾರ್ಯವಾಗಿತ್ತು. ಅದೇ ವಿವೇಕವನ್ನು ಡೊಮೈನ್ ಹೆಸರಿಗೂ ಅನ್ವಯಿಸಬೇಕು.

ಹಳೆಯ ಹೆಸರು ಹೊಸದಕ್ಕೆ ದಾರಿ ತೋರುವ ಕೆಲಸವನ್ನು ಹಲವು ವರ್ಷಗಳವರೆಗಾದರೂ ಮಾಡುತ್ತಿರಲಿ. ಅದರ ಒಡೆತನವನ್ನಂತೂ ಬ್ಯಾಂಕು ಎಂದಿಗೂ ಬಿಡಬಾರದು. ಅದಕ್ಕೆ ತಗಲುವ ವಾರ್ಷಿಕ ಶುಲ್ಕ ಒಂದು ಶಾಖೆಯ ಚಹಾದ ಖರ್ಚಿಗಿಂತ ಹೆಚ್ಚೇನಲ್ಲ. ಹೊಸ ವಿಳಾಸವನ್ನು ಶಾಖೆಯ ಫಲಕದಲ್ಲಿ, ಪಾಸ್‌ಪುಸ್ತಕದಲ್ಲಿ ಕನ್ನಡದಲ್ಲಿಯೇ ಮುದ್ರಿಸಬೇಕು. ವಿಳಾಸದ ಮೊದಲ ಓರೆಗೆರೆಯ ಹಿಂದೆ ‘ಬ್ಯಾಂಕ್ ಡಾಟ್ ಇನ್’ ಎಂಬುದೇ ಕಟ್ಟಕಡೆಯ ಪದಗಳಾಗಿರಬೇಕು. ಅದರ ಮುಂದೆ ಮತ್ತೊಂದು ಚುಕ್ಕೆ, ಮತ್ತೊಂದು ಪದ ಇದ್ದರೆ ಅದು ಮೋಸ ಎಂಬ ಸರಳ ತಿಳಿವಳಿಕೆಯನ್ನು ಹಿರಿಯ ಗ್ರಾಹಕರಿಗೆ ಶಾಖೆಯ ಸಿಬ್ಬಂದಿಯೇ ಬಾಯಿಮಾತಿನಲ್ಲಿ ಹೇಳಬೇಕು.

ಗಡುವಿನ ದಿನ ಮುಗಿದಿದೆ ಎಂದು ಕಡತವನ್ನು ಮುಚ್ಚುವುದು ಸುಲಭ. ಹೊಸ ಹೆಸರು ಕಡೆಯ ಠೇವಣಿದಾರನಿಗೆ ಗೊತ್ತಾಗುವವರೆಗೆ ಆ ಕೆಲಸ ಮುಗಿದಂತಲ್ಲ. ಅಲ್ಲಿಯವರೆಗೆ ಕಾಯುವ ಹೊಣೆ ಹೆಸರು ಬದಲಿಸಿದವರದೇ.